ರೋಗ ಅನ್ನಬೇಕೋ, ಕಾಯಿಪಲ್ಲೆ ಅನ್ನಬೇಕೋ?

ರಾಯಚೂರು ಅಂದ್ರೆ ಬಿಸಿಲು, ಜಾಲಿಮುಳ್ಳು ಬಿಟ್ಟು ಇನ್ನೇನಿದೆ ಮಾರಾಯಾ ಅಂತ ಬೆಂಗಳೂರಿನ ಗೆಳೆಯರು ಕಾಲೆಳೆಯುತ್ತಿರುತ್ತಾರೆ. ಸರಿ, ಇವತ್ತು ಜಾಲಿಮುಳ್ಳಿನ ಬಗ್ಗೆಯೇ ಬರೆದುಬಿಡೋಣ :-)

ದಖ್ಖನ್ನಿನ ಒಣ ನೆಲದ ಪೊದೆ ಜಾಲಿ ಒಂದಿದೆ. ಮುಳ್ಳು ಆನೆದಂತದ ಹಾಗೆ ಬೆಳ್ಳಗೆ. ಅದಕ್ಕೇ ಸಸ್ಯಶಾಸ್ತ್ರದವರು ಅಕೇಸಿಯಾ ಎಬರ್ನಿಯಾ, ಅಂದರೆ ದಂತದ ಜಾಲಿ, ಅಂದರು. ಈಗ ಅಕೇಸಿಯಾ ಹೋಗಿ ವ್ಯಾಚೆಲಿಯಾ ಆಗಿದೆ. ಈ ಗಿಡಕ್ಕೆ ತುಕ್ಕುರೋಗದ ಬಳಗದ ಒಂದು ಶಿಲೀಂಧ್ರ ಹತ್ತುತ್ತದೆ. ಎಳೆ ಚಿಗುರು, ಮುಳ್ಳು ಎಲ್ಲ ಊದಿಕೊಂಡು, ತಿರುಚಿಕೊಂಡು, ಗಂಟುಗಂಟಾಗುತ್ತವೆ. ಜೀವಂತ ಗಿಡ ಇಲ್ಲದೆ ಈ ಶಿಲೀಂಧ್ರಕ್ಕೆ ಬದುಕಿಲ್ಲ. ಪಕ್ಕಾ ಪರಾವಲಂಬಿ.

1890ರಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಡಾಕ್ಟರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದರು. ಈಗಿನ ಹೆಸರು ರಾವೆನೆಲಿಯಾ ಎಸ್ಕುಲೆಂಟಾ. ಈ ಹೆಸರು ಕೊಟ್ಟವರು ನರಸಿಂಹನ್ ಮತ್ತು ತಿರುಮಲಾಚಾರ್. ಎಸ್ಕುಲೆಂಟಾ ಅಂದರೆ ತಿನ್ನಲು ಬರುವಂಥದ್ದು. ಹಳ್ಳಿಯ ಜನ ಈ ಗಂಟುಗಳನ್ನು ತಿನ್ನುತ್ತಿದ್ದರು, ಅದಕ್ಕೇ ಆ ಹೆಸರು!

ನನ್ನ ತಕರಾರು ಇಲ್ಲೇ ಶುರು. ಪುಸ್ತಕದಲ್ಲಿ ಇದು ರೋಗ, ತಿಂದವರಿಗೆ ಪಲ್ಯ. ಲ್ಯಾಟಿನ್ ಹೆಸರು ಅವರ ಊಟದ ನೆನಪನ್ನು ಉಳಿಸಿಕೊಂಡಿತು, ಅವರು ಅದನ್ನು ಏನಂತ ಕರೆದರು ಎಂಬುದನ್ನು ಉಳಿಸಿಕೊಳ್ಳಲಿಲ್ಲ.

ಬೇರೆಯವರನ್ನು ನೋಡಿ. ಮೆಕ್ಸಿಕೋದವರು ಕಾಡಿಗೆ ರೋಗ ಬಂದ ಮೆಕ್ಕೆಜೋಳದ ತೆನೆಯನ್ನು ಉಯಿಟ್ಲಾಕೋಚೆ ಅಂತ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಚೀನಾದಲ್ಲಿ ಒಂದು ಜಾತಿಯ ನೀರುಹುಲ್ಲು ಹಿಂದೆ ಧಾನ್ಯದ ಬೆಳೆಯಾಗಿತ್ತು. ಶಿಲೀಂಧ್ರ ಹತ್ತಿ ಕಾಂಡ ಊದಿದ್ದನ್ನು ಕಂಡವರು ಕಾಳಿನ ಆಸೆ ಬಿಟ್ಟು ಕಾಂಡವನ್ನೇ ತರಕಾರಿ ಮಾಡಿಕೊಂಡರು. ಆ ಶಿಲೀಂಧ್ರದ ಹೆಸರಲ್ಲೂ ಎಸ್ಕುಲೆಂಟಾ ಇದೆ!

ನಮ್ಮಲ್ಲೋ? ಜಾಲಿ ಬೆಳೆದ ನೆಲ ಅಂದರೆ ಪಾಳು ನೆಲ, ಅಷ್ಟೇ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂತು, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಬಂತು. ನೀರು ಬಂದದ್ದು ಒಳ್ಳೆಯದೇ, ಹೊಟ್ಟೆ ತುಂಬಿಸಿದ ನೀರನ್ನು ನಾನು ಬಯ್ಯುವುದಿಲ್ಲ. ಆದರೆ ಕಾಲುವೆ ತಲುಪದ ಕಡೆಯೂ ಹೊರಗಿನಿಂದ ಬಂದ ಬಳ್ಳಾರಿ ಜಾಲಿ ಹಬ್ಬಿ, ನಾಡಜಾಲಿಗಳಿಗೆ ಜಾಗ ಇಲ್ಲದಂತಾಗಿದೆ. ಪೊದೆ ಹೋದರೆ ಅದನ್ನೇ ನಂಬಿದ ಶಿಲೀಂಧ್ರವೂ ಹೋಯಿತು. ಹುಲಿಗೆ ಅಳುವವರು ಇದ್ದಾರೆ, ಗಂಟಿಗೆ ಯಾರು ಅಳುತ್ತಾರೆ?

ರಾಯಚೂರಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ಭತ್ತ, ಹತ್ತಿಯ ರೋಗಗಳ ಜೊತೆ ಕುರುಚಲು ಕಾಡಿನ ಇಂಥವುಗಳದ್ದೂ ಒಂದು ಪಟ್ಟಿ, ಸ್ಥಳೀಯ ಹೆಸರಿನ ಸಮೇತ, ಆಗಬೇಕು ಎಂಬುದು ನನ್ನ ಅಭಿಪ್ರಾಯ. ಕುರಿ ಕಾಯುವವರನ್ನು ಕೇಳಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ನಮ್ಮದು, ಬ್ಲಾಗಿಗರೇ. ಮನೆಯಲ್ಲಿ ಅಜ್ಜಿ, ಆಯಿ ಇದ್ದರೆ ಕೇಳಿ: ಜಾಲಿಗಿಡದ ಗಂಟು ತಿಂದದ್ದುಂಟಾ? ಏನಂತ ಕರೆಯುತ್ತಿದ್ದಿರಿ? ಹೇಗೆ ಮಾಡುತ್ತಿದ್ದಿರಿ? ಸಿಕ್ಕ ಪದವನ್ನು ಬರೆದು ಹಾಕಿ, ತಪ್ಪದೆ ಊರಿನ ಹೆಸರೂ ಇರಲಿ. (ಕಂಡ ಗಂಟನ್ನೆಲ್ಲ ಕಿತ್ತು ಬಾಯಿಗೆ ಹಾಕಬೇಡಿ ಮತ್ತೆ! ಹುಳ ಕಟ್ಟಿದ ಗಂಟೂ ಇರುತ್ತವೆ. ತಿಂದು ಗೊತ್ತಿದ್ದವರನ್ನು ಕೇಳಿ.)

ಹೆಸರು ಮರೆತ ಊಟ ಎರಡನೇ ಸಲ ಎಲೆಗೆ ಬರುವುದಿಲ್ಲ. ಏನಂತೀರಿ?