ನೆಲಕ್ಕಿಳಿದ ಮರಿಯನ್ನು ಮನೆಗೆ ಒಯ್ಯಬೇಡಿ

ಏಪ್ರಿಲ್ ಕಳೆದು ಮೇ ಹಿಡಿಯಿತೆಂದರೆ ನಮ್ಮ ಯಲಹಂಕ ಉಪನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊ ಓಡಾಡತೊಡಗುತ್ತದೆ. ಒಂದು ರಟ್ಟಿನ ಡಬ್ಬಿ, ಒಳಗೆ ಹಳೇ ಬನಿಯನ್ನು, ಅದರ ಮೇಲೆ ಬಾಯಿ ತೆರೆದು ಕೂತ ಹಕ್ಕಿ ಮರಿ. ಕೆಳಗೆ ಪ್ರಶ್ನೆ: ‘ಗೂಡಿಂದ ಬಿದ್ದಿದೆ, ಯಾರಿಗೆ ಫೋನ್ ಮಾಡೋದು? ಏನು ತಿನ್ನಿಸೋದು?’ ಕೇಳುವವರ ಮನಸ್ಸು ದೊಡ್ಡದು. ಆದರೆ ಹೀಗೆ ಡಬ್ಬಿ ಸೇರುವ ಮರಿಗಳಲ್ಲಿ ಎಷ್ಟೋ ಮರಿಗಳು ಹಾರುವುದನ್ನು ಕಲಿಯಲು ತಾವಾಗಿಯೇ ಗೂಡು ಬಿಟ್ಟು ಇಳಿದವು. ಅವುಗಳ ಅಪ್ಪ ಅಮ್ಮ ಪಕ್ಕದ ಕೊಂಬೆಯಲ್ಲೇ ಇರುತ್ತಾರೆ. ಡಬ್ಬಿಗೆ ಹಾಕಿ ಒಳಗೆ ಒಯ್ದಾಗಲೇ ಆ ಮರಿ ನಿಜಕ್ಕೂ ಕಳೆದುಹೋಗುವುದು.

ಹೋದ ಬೇಸಿಗೆಯಲ್ಲಿ ಒಂದು ಶನಿವಾರ ನಮ್ಮ ರಸ್ತೆಯಲ್ಲಿ ಇಂಥದ್ದೇ ಒಂದು ಪ್ರಕರಣ ನಡೆಯಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳಿಗೆ ಹೊಂಗೆ ಮರದಡಿ ನಿಲ್ಲಿಸಿದ್ದ ಸ್ಕೂಟರ್ ಕೆಳಗೆ ಮರಿಯೊಂದು ಕಂಡಿತು. ಗೊರವಂಕಕ್ಕಿಂತ ದೊಡ್ಡದು, ಕಾಗೆಗಿಂತ ಚಿಕ್ಕದು. ಕಂದು ಮೈಮೇಲೆಲ್ಲ ಬಿಳಿ ಚುಕ್ಕೆ, ಎದೆಗೆ ಅಡ್ಡಪಟ್ಟೆ, ಬಾಲ ಮೋಟು. ನಾಲ್ಕು ಹೆಜ್ಜೆ ಕುಪ್ಪಳಿಸುವುದು, ರೆಕ್ಕೆ ಬಡಿಯುವುದು, ಮತ್ತೆ ಚಕ್ರಕ್ಕೆ ಒರಗಿ ಕೂರುವುದು. ಹತ್ತು ನಿಮಿಷದಲ್ಲಿ ಅರ್ಧ ರಸ್ತೆ ಅಲ್ಲಿ ಸೇರಿತು.

‘ರೀ, ಇದು ಗಿಡುಗನ ಮರಿ ಕಣ್ರೀ, ಪಟ್ಟೆ ನೋಡಿ’ ಎಂದರು ಎದುರು ಮನೆಯ ಯಜಮಾನರು. ಸೊಪ್ಪು ಮಾರುವ ಅಮ್ಮ ಬುಟ್ಟಿ ಇಳಿಸಿ ಬಗ್ಗಿ ನೋಡಿ, ಕೆಂಬೂತ ಎಂದು ತೀರ್ಮಾನ ಕೊಟ್ಟರು. ಮೂಲೆ ಮನೆಯ ಅಜ್ಜಿಗೆ ಜಾತಿ ಮುಖ್ಯವಾಗಿರಲಿಲ್ಲ. ‘ಎಷ್ಟು ಹೊತ್ತಿಂದ ಹಸ್ಕೊಂಡಿದೆಯೋ, ಒಂದು ತೊಟ್ಟು ಹಾಲಾದ್ರೂ ಹಿಂಡ್ರೋ ಬಾಯಿಗೆ’ ಎಂದು ಮೊಮ್ಮಗನನ್ನು ಲೋಟಕ್ಕೆ ಓಡಿಸಿದರು. ಅಷ್ಟರಲ್ಲಿ ಯಜಮಾನರು ಮರಿಯನ್ನು ಹಿಡಿಯಲು ಕೈ ಚಾಚಿದರು. ಎಲ್ಲಿತ್ತೋ ಏನೋ, ಒಂದು ಕಾಗೆ ಸುಯ್ಯೆಂದು ಇಳಿದು ಅವರ ನೆತ್ತಿಗೆ ಫಟ್ಟನೆ ಹೊಡೆದು ಹೊಂಗೆಯ ಮೇಲೆ ಹೋಗಿ ಕೂತಿತು.

ಕಾಗೆ ತಲೆ ಮುಟ್ಟುವುದೆಂದರೆ ನಮ್ಮಲ್ಲಿ ಸಣ್ಣ ಮಾತೇ? ಅದೂ ಶನಿವಾರ! ‘ಅಯ್ಯೋ ಶಿವನೇ, ಮುಟ್ಟೇಬಿಡ್ತಲ್ಲ’ ಎಂದು ಅವರ ಮನೆಯಾಕೆ ಎದೆ ಹಿಡಿದುಕೊಂಡರು. ಮರಿಯ ವಿಷಯ ಮೂಲೆಗೆ ಸರಿಯಿತು. ತಲೆಸ್ನಾನ ಆಗಬೇಕು, ಶನಿದೇವರ ಗುಡಿಗೆ ಹೋಗಿ ಎಳ್ಳುಬತ್ತಿ ಹಚ್ಚಬೇಕು ಎಂದು ಯಜಮಾನರನ್ನು ಒಳಗೆ ಕರೆದೊಯ್ದರು. ಮರಿಯ ಹತ್ತಿರ ಹೋಗಲು ಇನ್ನು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಪಾರ್ಸೆಲ್ ಕೊಡಲು ಬಂದ ಹುಡುಗ ‘ನನ್ ತಲೆ ಮೇಲೆ ಹೆಲ್ಮೆಟ್ ಇದೆಯಲ್ಲ ಆಂಟಿ’ ಎಂದು ಟವೆಲ್ ಇಸಿದುಕೊಂಡು, ಮೇಲಿಂದ ಕಾಗೆ ಟಕ್ ಟಕ್ ಕುಕ್ಕುತ್ತಿದ್ದರೂ ಬಿಡದೆ ಮರಿಯನ್ನು ಎತ್ತಿ ನಮ್ಮ ಕಾಂಪೌಂಡಿನೊಳಗಿನ ದಾಸವಾಳದ ಗಿಡದ ಮೇಲೆ ಕೂರಿಸಿದ. ರಸ್ತೆಯಿಂದ ಗಿಡಕ್ಕೆ ಹತ್ತು ಅಡಿ. ಆ ಮರಿಗೆ ಬೇಕಿದ್ದ ಉಪಕಾರ ಅಷ್ಟೇ.

ನಾವೆಲ್ಲ ಕಿಟಕಿಯ ಹಿಂದೆ ನಿಂತೆವು. ಸ್ವಲ್ಪ ಹೊತ್ತಿಗೆ ಕಾಗೆ ಬಂತು, ಕೊಕ್ಕಿನ ತುಂಬ ಎಲ್ಲಿಂದಲೋ ಎತ್ತಿಕೊಂಡ ಇಡ್ಲಿಯ ತುಂಡು. ಮರಿ ರೆಕ್ಕೆ ನಡುಗಿಸುತ್ತ ಬಾಯಿ ತೆರೆಯಿತು, ಕಾಗೆ ತನ್ನ ಕೊಕ್ಕನ್ನು ಅದರ ಗಂಟಲಿನವರೆಗೂ ಇಳಿಸಿ ಇಡ್ಲಿ ತುರುಕಿತು. ‘ಗಿಡುಗನ ಮರಿಗೆ ಕಾಗೆ ಯಾಕೆ ಇಡ್ಲಿ ತಿನ್ನಿಸ್ತಿದೆ?’ ಎಂದು ಮೊಮ್ಮಗ ಕೇಳಿದ. ಹಾಲಿನ ಲೋಟ ಇನ್ನೂ ಅವನ ಕೈಯಲ್ಲೇ ಇತ್ತು. ಆಗ ಅಜ್ಜಿಗೆ ಹೊಳೆಯಿತು: ‘ಲೋ, ಅದು ಕೋಗಿಲೆ ಕಣೋ!’

ಹೌದು, ಹೆಣ್ಣು ಕೋಗಿಲೆಯ ಮರಿ. ನಾವು ಕೋಗಿಲೆ ಎಂದು ಗುರುತಿಸುವುದು ಕೆಂಗಣ್ಣಿನ, ಮಿರುಗುವ ಕಪ್ಪು ಗಂಡನ್ನು. ಹೆಣ್ಣು ಹೀಗೆ ಕಂದು ಮೈಯ, ಚುಕ್ಕೆ ಪಟ್ಟೆಯ ಹಕ್ಕಿ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಎರಡು ಮೂರು ದಿನ ಮೊದಲೇ ಒಡೆಯುವುದರಿಂದ ಆ ಮರಿ ಬೇಗ ಬೆಳೆದು ಬೇಗ ಗೂಡು ಬಿಡುತ್ತದೆ. ಗೂಡು ಬಿಟ್ಟ ಮೇಲೂ ಕಾಗೆ ಅದನ್ನು ಬಿಡದೆ ಉಣಿಸುತ್ತದೆ, ಕಾಯುತ್ತದೆ. ಸಂಜೆ ಗುಡಿಯಿಂದ ಬಂದ ಯಜಮಾನರಿಗೆ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕು ಹೆಂಡತಿಗೆ ಕೂಗಿ ಹೇಳಿದರು: ‘ಏನೇ, ಶನಿಯಲ್ಲ ಕಣೇ ಮುಟ್ಟಿದ್ದು, ಸಾಕುತಾಯಿ ಗದರಿದ್ದು!’

ಹಕ್ಕಿ ಮರಿ ಕಂಡಾಗ ನೋಡಬೇಕಾದದ್ದು ಮೈಮೇಲಿನ ಗರಿ. ಮೈ ಬೆತ್ತಲೆಯಾಗಿದ್ದು ಕಣ್ಣು ಕೂಡ ಬಿಡದಿದ್ದರೆ ಅದು ನಿಜಕ್ಕೂ ಬಿದ್ದದ್ದು. ಗೂಡು ಕೈಗೆಟುಕಿದರೆ ಅದರಲ್ಲೇ ಇಡಿ. ಗೂಡು ಹಾಳಾಗಿದ್ದರೆ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರಕ್ಕೆ ಕಟ್ಟಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಅದು ಸುಳ್ಳು. ಮೈತುಂಬ ಗರಿಯಿದ್ದು, ಬಾಲ ಮೋಟಾಗಿದ್ದು, ಕುಪ್ಪಳಿಸುತ್ತಿದ್ದರೆ ಅದಕ್ಕೆ ಯಾವ ತೊಂದರೆಯೂ ಇಲ್ಲ. ನಾಯಿಯನ್ನು ಕಟ್ಟಿ, ಬೆಕ್ಕನ್ನು ಒಳಗೆ ಹಾಕಿ, ದೂರ ಸರಿಯಿರಿ. ನೀವು ಅಲ್ಲೇ ನಿಂತಿರುವವರೆಗೆ ತಾಯಿ ಇಳಿಯುವುದಿಲ್ಲ.

ಹಾಲು ಮಾತ್ರ ಖಂಡಿತ ಬೇಡ. ಹಕ್ಕಿಗಳಿಗೆ ಹಾಲು ಅರಗುವುದಿಲ್ಲ. ನೀರನ್ನೂ ಬಾಯಿಗೆ ಹಿಂಡಬಾರದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ಒಂದು ತೊಟ್ಟು ಅತ್ತ ಹೋದರೂ ಮರಿ ಉಸಿರುಗಟ್ಟಿ ಸಾಯಬಹುದು. ಗಾಯವಾಗಿದ್ದರೆ, ರಕ್ತ ಬರುತ್ತಿದ್ದರೆ, ರೆಕ್ಕೆ ಜೋತಿದ್ದರೆ ಮಾತು ಬೇರೆ. ಬೆಕ್ಕು ಕಚ್ಚಿದ ಗಾಯ ಎಷ್ಟೇ ಸಣ್ಣದಿದ್ದರೂ ನಂಜಾಗುತ್ತದೆ, ವೈದ್ಯರಿಗೆ ತೋರಿಸಲೇಬೇಕು. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯಿದೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ಯಿಸಿಕೊಂಡ ಹದ್ದುಗಳಂಥ ಜೀವಗಳಿಗೆ ಬೇಕಾದ ಜಾಗ ಅದು. ಆರೋಗ್ಯವಾಗಿರುವ ಪಿಕಳಾರ ಮರಿಯನ್ನು ಯಲಹಂಕದಿಂದ ಊರಿನ ಇನ್ನೊಂದು ತುದಿಗೆ ಡಬ್ಬಿಯಲ್ಲಿ ಸಾಗಿಸಿದರೆ ಅದಕ್ಕೂ ಅನ್ಯಾಯ, ಅಲ್ಲಿ ಕಾಯುತ್ತಿರುವ ಗಾಯಾಳು ಹಕ್ಕಿಗೂ ಅನ್ಯಾಯ.

ನನಗೆ ಇದಕ್ಕಿಂತ ಹೆಚ್ಚು ನೋವಾಗುವುದು ಗೂಡುಗಳಿಗೆ ನಾವು ಮಾಡುವುದನ್ನು ನೋಡಿದಾಗ. ನಮ್ಮ ಬಡಾವಣೆಗೆ ಅಂಟಿಕೊಂಡೇ ಇರುವ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿಗೆ ಬರುವ ಬಣ್ಣದ ಕೊಕ್ಕರೆಗಳ ಬಗ್ಗೆ ಎಲ್ಲರಿಗೂ ಹೆಮ್ಮೆ. 2025ರ ಏರೋ ಇಂಡಿಯಾ ವಿಮಾನ ಪ್ರದರ್ಶನದ ಸಮಯದಲ್ಲಿ ವಿಮಾನಗಳಿಗೆ ಹಕ್ಕಿ ಬಡಿಯಬಾರದೆಂದು ಯಲಹಂಕದ ವಾಯುನೆಲೆಯ ಸುತ್ತ 13 ಕಿಲೋಮೀಟರ್‌ವರೆಗೆ ಮಾಂಸ ಮಾರಾಟವನ್ನೇ ನಿಲ್ಲಿಸಿದ್ದರು. ಆಗಲೂ ಹಕ್ಕಿಗಳ ಮಾತು ಬಂತು. ಆದರೆ ಮನೆ ಮುಂದಿನ ಮರದಲ್ಲಿ ಕಾಗೆ ಗೂಡು ಕಟ್ಟಿದರೆ ‘ಓಡಾಡೋರಿಗೆ ಕುಕ್ಕುತ್ತೆ, ತೆಗೆಸಿಬಿಡಿ’ ಎನ್ನುತ್ತೇವೆ. ಅದು ಕುಕ್ಕುವುದು ಗೂಡಿನಲ್ಲಿ ಮರಿ ಇರುವಾಗ ಮತ್ತು ಮರಿ ಹಾರಲು ಕಲಿಯುವಾಗ, ಕೆಲವು ವಾರ. ಅಷ್ಟು ದಿನ ಕೊಡೆ ಹಿಡಿದು ಓಡಾಡಿದರೆ ನಾವೇನೂ ಕಳೆದುಕೊಳ್ಳುವುದಿಲ್ಲ.

ಕಾನೂನೂ ಈಗ ಕಾಗೆಯ ಪರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಗೆಯನ್ನು ಇಲಿ, ಹೆಗ್ಗಣಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಕಾಡುಹಕ್ಕಿಗಳ ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದು ಈ ಕಾಯ್ದೆಯ ಪ್ರಕಾರ ಬೇಟೆಗೆ ಸಮ. ಕಾಗೆಯ ಗೂಡು ಕಿತ್ತರೆ ಕೋಗಿಲೆಯ ಮನೆಯೂ ಹೋಯಿತು. ಯುಗಾದಿಯ ಹೊತ್ತಿಗೆ ಕೋಗಿಲೆ ಕೂಗಲಿಲ್ಲವಲ್ಲ ಎಂದು ಆಮೇಲೆ ಪೇಚಾಡಿ ಪ್ರಯೋಜನವಿಲ್ಲ.

ಮಳೆಗಾಲಕ್ಕೆ ಮುನ್ನ ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ಕೆಲಸ ಭರದಿಂದ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಮರದ ತುಂಬ ಗೂಡುಗಳಿರುವಾಗ. ಪಾಲಿಕೆಯವರಲ್ಲೂ ವಿದ್ಯುತ್ ಕಂಪನಿಯವರಲ್ಲೂ ನನ್ನ ವಿನಂತಿ ಇಷ್ಟೇ: ತಂತಿ ಹತ್ತಿರದ ಕೊಂಬೆಗಳನ್ನು ಜನವರಿಯಲ್ಲೇ ಸವರಿ. ಬೇಸಿಗೆಯಲ್ಲಿ ತುರ್ತಾಗಿ ಕಡಿಯಬೇಕಾದರೆ ಏಣಿ ಹಾಕುವ ಮುನ್ನ ಮರವನ್ನು ಒಮ್ಮೆ ನೋಡಿ, ಗೂಡಿರುವ ಕೊಂಬೆಯನ್ನು ಜೂನ್ ಕಳೆಯುವವರೆಗೆ ಬಿಡಿ. ಬಡಾವಣೆಯ ಸಂಘದವರೂ ಕೊಂಬೆ ಕಡಿಯಲು ಅರ್ಜಿ ಬರೆಯುವಾಗ ಅದರಲ್ಲಿ ಇದೊಂದು ಸಾಲು ಸೇರಿಸಿ.