ಭಿಕ್ಷೆಯಲ್ಲ, ಬಾಕಿ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಪಿಂಚಣಿ ಪಾಸ್‌ಬುಕ್ ಬರೆಸಲು ಹೋದಾಗಲೆಲ್ಲ ಯಾರಾದರೊಬ್ಬರು ಬಂದು, "ಸಾರ್, ಇದೊಂದು ತುಂಬಿಕೊಡಿ" ಅನ್ನುತ್ತಾರೆ. ಈಚೆಗೆ ತುಮಕೂರಿನಲ್ಲಿ ಹಾಗೆ ಬಂದವರು ಗುಬ್ಬಿ ಕಡೆಯ ಒಬ್ಬ ಅಜ್ಜಿ. ಜೊತೆಗೆ ಆರನೇ ಕ್ಲಾಸಿನ ಮೊಮ್ಮಗಳು. ಸ್ಕಾಲರ್‌ಶಿಪ್ಪಿಗೆಂದು ಹುಡುಗಿಯ ಹೆಸರಿನಲ್ಲಿ ಖಾತೆ ತೆರೆಯಬೇಕಿತ್ತು.

ಅರ್ಜಿಯಲ್ಲಿ ತಂದೆಯ ಹೆಸರಿನ ಗೆರೆಗೆ ನನ್ನ ಪೆನ್ನು ಬಂದಾಗ ಅಜ್ಜಿ ತಲೆ ತಗ್ಗಿಸಿದರು.

"ಅವನು ಕುಣಿಗಲ್ ಕಡೆ ಅವ್ನೆ ಸಾಮಿ. ಎರಡು ವರ್ಷ ಆಯ್ತು ಬಿಟ್ಟೋಗಿ, ಒಂದು ಪೈಸೆ ಕಳ್ಸಿಲ್ಲ. ಮಗಳು ಗಾರ್ಮೆಂಟ್ಸಿಗೆ ಹೋಗ್ತಾಳೆ. ಕೋರ್ಟು ಕಚೇರಿ ಅಂತ ಹೋದ್ರೆ ಊರೋರು ಆಡ್ಕೊಳ್ತಾರೆ ಅಂತ ಸುಮ್ನಿದೀವಿ" ಅಂದರು.

ಹುಡುಗಿ ಮೆಲ್ಲಗೆ ಹೇಳಿದಳು: "ಅಪ್ಪನ ಹತ್ರ ದುಡ್ಡು ಕೇಳೋದು ಭಿಕ್ಷೆ ಬೇಡಿದ ಹಾಗಂತೆ ತಾತ."

ಆ ಮಾತು ನನಗೆ ಚುಚ್ಚಿತು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು, "ಪುಟ್ಟಿ, ಸಾಲ ತೆಗೆದುಕೊಂಡವನು ಕಂತು ಕಟ್ಟದಿದ್ದರೆ ನಾವು ಅದನ್ನು ಏನಂತ ಬರೆಯುತ್ತಿದ್ದೆವು ಗೊತ್ತಾ? ಬಾಕಿ. ಬಾಕಿ ಕೇಳುವವರು ಭಿಕ್ಷುಕರಲ್ಲ" ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇಂಥ ಅಜ್ಜಿಯರು ಎಲ್ಲ ಊರಲ್ಲೂ ಇದ್ದಾರೆ.

ಗಂಡ ಹೆಂಡತಿ ಬೇರೆಯಾಗಬಹುದು, ಮದುವೆಯೇ ಆಗದೆ ಮಗು ಹುಟ್ಟಿರಬಹುದು. ಮಗುವಿನ ಊಟ, ಬಟ್ಟೆ, ಓದಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಆ ಖರ್ಚಿಗೆ ಕಾನೂನು ಇಟ್ಟಿರುವ ಹೆಸರು ಜೀವನಾಂಶ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ತಾಯಿ ತಂದೆಗೆ ಮದುವೆ ಆಗಿರಲಿ, ಆಗದಿರಲಿ, ಮಗುವಿನ ಹಕ್ಕು ಒಂದೇ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಹೆಗಲಿಗೂ ಹಾಕಿದೆ.

ಗುಮಾಸ್ತನಾದ್ದರಿಂದ ಅಂಕಿ ಹೇಳದೆ ಬಿಡಲಾರೆ. 1898ರ ಕಾನೂನಿನಲ್ಲಿ ತಿಂಗಳಿಗೆ 50 ರೂಪಾಯಿ ಮೀರಿ ಕೊಡಿಸುವಂತಿರಲಿಲ್ಲ. ಅದು 1923ರಲ್ಲಿ 100 ಆಯಿತು, 1955ರಲ್ಲಿ 500 ಆಯಿತು. ಆಮೇಲೆ ನಾವು ಕೆಲಸಕ್ಕೆ ಸೇರಿ ತಲೆ ಬೆಳ್ಳಗಾದರೂ ಆ 500 ಅಲುಗಲಿಲ್ಲ! 2001ರಲ್ಲಿ ಆ ಮಿತಿ ತೆಗೆದುಹಾಕಿದರು. ಈಗ ನ್ಯಾಯಾಧೀಶರು ಇಬ್ಬರ ವರಮಾನ ಮತ್ತು ಮಗುವಿನ ಅಗತ್ಯ ನೋಡಿ ಮೊತ್ತ ನಿಗದಿ ಮಾಡುತ್ತಾರೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೆರಡು ಮಾತು ಹೇಳಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು.

ಆಸ್ಟ್ರೇಲಿಯ, ಬ್ರಿಟನ್ ದೇಶಗಳಲ್ಲಿ ಈ ಕೆಲಸಕ್ಕೇ ಒಂದು ಸರ್ಕಾರಿ ವ್ಯವಸ್ಥೆ ಇದೆ. ಕೊಡದವರ ಸಂಬಳದಿಂದಲೇ ಹಣ ಮುರಿದು ಮಗುವಿಗೆ ತಲುಪಿಸುತ್ತಾರೆ. ನಮ್ಮಲ್ಲಿ ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಆದರೆ ಒಬ್ಬರೇ ಹತ್ತಬೇಕಿಲ್ಲ. ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ, ಹೆಂಡತಿ ತಾನಿರುವ ಕಡೆಯೇ ಅರ್ಜಿ ಹಾಕಬಹುದು. ಮದುವೆ ಪತ್ರಿಕೆ ಅಥವಾ ಫೋಟೊ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀಸಿನ ರಸೀದಿ, ಔಷಧಿ ಚೀಟಿ ಎಲ್ಲವನ್ನೂ ಒಂದು ಕವರಿನಲ್ಲಿ ಜೋಪಾನ ಮಾಡಿ. ಕೇಸು ಮುಗಿಯುವ ತನಕ ಮಗು ಉಪವಾಸ ಇರಲಾಗದು ಎಂದೇ ಮಧ್ಯಂತರ ಜೀವನಾಂಶ ಇದೆ. ಎದುರಿನವರಿಗೆ ನೋಟಿಸು ತಲುಪಿದ 60 ದಿನದೊಳಗೆ, ಸಾಧ್ಯವಾದಷ್ಟೂ, ಅದನ್ನು ತೀರ್ಮಾನಿಸಬೇಕು ಎನ್ನುತ್ತದೆ ಕಾನೂನು. ನಿಜದಲ್ಲಿ ತಡವಾಗುವುದುಂಟು, ತಾಳ್ಮೆ ಬೇಕು.

ಆದೇಶವಾದ ಮೇಲೂ ಕೊಡದಿದ್ದರೆ? ಕೋರ್ಟು ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ. ಒಂದು ಎಚ್ಚರಿಕೆ: ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡಬೇಕು. ತಂದೆಯ ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಮೊತ್ತ ಇಳಿಸಿ ಎಂದು ಅವನೂ ಕೇಳಿಕೊಳ್ಳಬಹುದು. ಕಾನೂನಿಗೆ ಎರಡು ಕಿವಿಗಳೂ ಇವೆ.

ತಂದೆಯಿಂದ ಏನೂ ಬಾರದ ಬಡ ಮನೆಗಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ ಇದೆ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದನ ಆಗಿದ್ದರೆ, ಮನೆಯವರು ಕೈಬಿಟ್ಟಿದ್ದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶ. ವರ್ಷದ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಮದುವೆಯಾಗದ ತಾಯಂದಿರಿಗೆ ಇನ್ನೊಂದು ಮಾತು. ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿಯಾಗಬಹುದು, ತಾಯಿಯ ಪ್ರಮಾಣಪತ್ರದ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

ಮಕ್ಕಳೇ, ನಿಮ್ಮ ಕ್ಲಾಸಿನಲ್ಲಿ ಅಪ್ಪ ಅಮ್ಮ ಬೇರೆಯಾದ ಗೆಳೆಯರು ಇರಬಹುದು. "ನಿಮ್ಮಪ್ಪ ಎಲ್ಲಿ?" ಅಂತ ಕೆಣಕಬೇಡಿ. ಅಂಥ ಮನೆಯ ಮಗು ನೀವೇ ಆಗಿದ್ದರೆ ಒಂದು ಮಾತು ನೆನಪಿಡಿ: ದೊಡ್ಡವರು ಬೇರೆಯಾಗಿದ್ದು ನಿಮ್ಮ ತಪ್ಪಿನಿಂದಲ್ಲ. ಯಾವಾಗಲಾದರೂ ಭಯವಾದರೆ 1098ಕ್ಕೆ ನೀವೇ ಫೋನ್ ಮಾಡಬಹುದು.

ತಾತ ಅಜ್ಜಿಯರೇ, ಮಗುವಿನ ಮುಂದೆ ಅದರ ಅಪ್ಪನನ್ನೋ ಅಮ್ಮನನ್ನೋ ಬೈಯಬೇಡಿ. ಇನ್ನು ಮಗನ ಕಡೆಯ ತಾತ ಅಜ್ಜಿ ನೀವಾದರೆ, "ಮಗುವಿಗೆ ಕಳಿಸಿದೆಯೇನಪ್ಪ?" ಎಂದು ತಿಂಗಳಿಗೊಮ್ಮೆ ಮಗನನ್ನು ಕೇಳಿ. ಎಷ್ಟೋ ಸಲ ಕೋರ್ಟಿನ ನೋಟಿಸಿಗಿಂತ ಆ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ.

ಮೊನ್ನೆ ಅಜ್ಜಿ, ಮೊಮ್ಮಗಳು ಮತ್ತೆ ಸಿಕ್ಕಿದ್ದರು. ಮಗಳು ಗುಬ್ಬಿಯಲ್ಲಿ ಅರ್ಜಿ ಹಾಕಿದ್ದಾಳಂತೆ, ವಕೀಲರನ್ನು ಸಮಿತಿಯವರೇ ಕೊಟ್ಟಿದ್ದಾರಂತೆ. ಹಣ ಇನ್ನೂ ಬಂದಿಲ್ಲ. ಹುಡುಗಿ ಹೊಸ ಪಾಸ್‌ಬುಕ್ ಬಿಡಿಸಿ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು.

"ಬಾಕಿ ಬಂದ್ರೆ ಇಲ್ಲೇ ಅಲ್ವಾ ತಾತ ಬರೆಯೋದು?"

"ಅಲ್ಲೇ ಪುಟ್ಟಿ. ಜಮಾ ಕಾಲಮಿನಲ್ಲಿ" ಅಂದೆ.