ಅಟ್ಟದಲ್ಲಿ ಯಾವುದಿರಬೇಕು?

ಮನೆ ಚೊಕ್ಕಟ ಮಾಡುವುದನ್ನು ಕಲಿಸುವವರೆಲ್ಲರ ಬಾಯಲ್ಲೂ ಈಗ ಒಂದು ಸೂತ್ರವಿದೆ: ಆರು ತಿಂಗಳು ಮುಟ್ಟದ ವಸ್ತು ಮನೆಯಲ್ಲಿರಕೂಡದು. ಬಟ್ಟೆಯ ಬೀರುವಿಗೆ ಇದು ಸರಿಯಿರಬಹುದು. ಅಡುಗೆಮನೆಗೆ ತಂದರೆ ಮೊದಲು ಹೊರಗೆ ಬೀಳುವುದು ಚಕ್ಕುಲಿ ಒರಳು. ಗೋಕುಲಾಷ್ಟಮಿಗೊಮ್ಮೆ, ದೀಪಾವಳಿಗೊಮ್ಮೆ ಇಳಿದು, ಉಳಿದ ದಿನವೆಲ್ಲ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಸಿಕೊಂಡು ಮಲಗಿರುವ ಹಿತ್ತಾಳೆಯ ಒರಳು ಅದು. ಅದರ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಯೊಳಗೆ ರೋಟಿ ಮೇಕರ್ ಕೂತಿದೆ. ಅದೂ ವರ್ಷಕ್ಕೊಂದೆರಡು ಸಲ ಇಳಿದರೆ ಹೆಚ್ಚು. ಸೂತ್ರದ ಲೆಕ್ಕದಲ್ಲಿ ಎರಡೂ ಒಂದೇ. ಅಡುಗೆ ಮಾಡುವ ಯಾರನ್ನಾದರೂ ಕೇಳಿ, ಖಂಡಿತ ಒಂದೇ ಅಲ್ಲ ಎನ್ನುತ್ತಾರೆ. ಹಾಗಾದರೆ ಎಷ್ಟು ಸಲ ಬಳಸಿದೆವು ಎಂಬುದು ಅಳತೆಗೋಲಲ್ಲ. ಮತ್ತೆ ಯಾವುದು?

ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳನ್ನೇ ನೋಡಿ. ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದವೇ ಇವೆ. ಮೊದಲು ನೀರಿನಲ್ಲಿ ನೆನೆಹಾಕಬೇಕು, ಜೋಡಿ ನೋಡಿ ಸೇರಿಸಬೇಕು, ರಬ್ಬರ್ ಬ್ಯಾಂಡ್ ಬಿಗಿಯಬೇಕು, ಪಾಕ ಗಟ್ಟಿಯಾಗುವ ಮುಂಚೆ ಸುರಿಯಬೇಕು. ಎಲ್ಲ ಸೇರಿ ವರ್ಷಕ್ಕೊಮ್ಮೆ ಬರುವ ಕೆಲಸ. ಆದರೆ ಅದಕ್ಕೊಂದು ದಿನ ಗೊತ್ತಾಗಿದೆ, ಆ ದಿನ ಅದರ ಬದಲಿಗೆ ಇನ್ನೊಂದು ಪಾತ್ರೆ ಒದಗುವುದಿಲ್ಲ. ಚಕ್ಕುಲಿ ಒರಳಿನದೂ ಅದೇ ಕಥೆ. ಕೈಯಲ್ಲಿ ಸುತ್ತಿ ಚಕ್ಕುಲಿ ಮಾಡುವವರು ಇದ್ದಾರೆ, ನಾನೂ ನೋಡಿದ್ದೇನೆ. ಆ ಬೆರಳು ನಮ್ಮಲ್ಲಿ ಬಹಳ ಮಂದಿಗಿಲ್ಲ.

ರೋಟಿ ಮೇಕರಿನ ತಪ್ಪು ಅಪರೂಪಕ್ಕೆ ಬಳಕೆಯಾಗುವುದಲ್ಲ. ಅದು ಬಂದದ್ದೇ ದಿನಾ ದುಡಿಯುತ್ತೇನೆಂಬ ಮಾತು ಕೊಟ್ಟು. ಉಂಡೆ ಇಟ್ಟು ಕಾದ ಎರಡು ತಟ್ಟೆಗಳ ನಡುವೆ ಒತ್ತಿದರೆ ಚಪಾತಿ ತಾನೇ ಉಬ್ಬುತ್ತದೆ ಎಂದು ಅಂಗಡಿಯಲ್ಲಿ ತೋರಿಸುತ್ತಾರೆ. ಮನೆಯ ಹಿಟ್ಟು ಒಂದಿಷ್ಟು ಗಟ್ಟಿಯಾದರೆ ಅಂಚು ಒಡೆಯುತ್ತದೆ, ಒತ್ತಿ ಹಿಡಿದದ್ದು ತುಸು ಹೆಚ್ಚಾದರೆ ಹಪ್ಪಳವಾಗುತ್ತದೆ. ಜೋಳದ ರೊಟ್ಟಿ ತಟ್ಟುವವರ ಮುಂದಂತೂ ಅದನ್ನು ಬಿಚ್ಚಿ ತೋರಿಸುವುದೇ ಬೇಡ. ಲಟ್ಟಣಿಗೆಯೇ ವಾಸಿ ಎಂದು ಮನೆಯವರು ಎರಡನೇ ವಾರಕ್ಕೇ ತೀರ್ಮಾನಿಸಿರುತ್ತಾರೆ. ಆಮೇಲಿನ ವರ್ಷಗಳೆಲ್ಲ ಆ ತೀರ್ಮಾನವನ್ನು ಒಪ್ಪಿಕೊಳ್ಳದೆ ಕಳೆದ ವರ್ಷಗಳು.

ಯಾಕೆ ಒಪ್ಪುವುದಿಲ್ಲ? ಅರ್ಥಶಾಸ್ತ್ರದವರು ಇದನ್ನು ಕಾಫಿ ಕಪ್ಪಿನಲ್ಲಿ ತೋರಿಸಿದ್ದಾರೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳವು. ಕೆಲವು ವಿದ್ಯಾರ್ಥಿಗಳಿಗೆ ಕಪ್ಪು ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದರು, ಕಪ್ಪಿಲ್ಲದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಕೈಗೆ ಬಂದು ಸ್ವಲ್ಪ ಹೊತ್ತಾಗಿದ್ದ ಕಪ್ಪಿಗೆ, ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗಿಂತ ಹೆಚ್ಚು ಬೆಲೆಯನ್ನು ಮಾರುವವರು ಕೇಳಿದರು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಕಪ್ಪಿಗೇ ಇಷ್ಟಾದರೆ, ಮದುವೆಯ ಉಡುಗೊರೆಯಾಗಿ ಬಂದು ಹತ್ತು ವರ್ಷ ಅಟ್ಟದಲ್ಲಿರುವ ಜ್ಯೂಸರಿಗೆ ಎಷ್ಟಾಗಬೇಕು? ಹಾಗಾಗಿ ‘ಇದನ್ನು ಬಿಡಲು ಮನಸ್ಸಿದೆಯೇ’ ಎಂದು ಕೇಳಿಕೊಂಡರೆ ಸುಳ್ಳು ಉತ್ತರ ಬರುತ್ತದೆ. ಇದು ನಮ್ಮಲ್ಲಿಲ್ಲ, ಇದೇ ಸ್ಥಿತಿಯಲ್ಲಿ ಅಂಗಡಿಯಲ್ಲಿದೆ ಎಂದುಕೊಳ್ಳಿ. ಇವತ್ತು ಐನೂರು ರೂಪಾಯಿ ಕೊಟ್ಟು ತರುತ್ತೀರಾ? ಹಿತ್ತಾಳೆ ಒರಳಿಗೆ ಕೊಡುತ್ತೇವೆ. ರೋಟಿ ಮೇಕರಿಗೆ ಕೈ ಜೇಬಿಗೆ ಹೋಗುವುದಿಲ್ಲ.

ಇಟ್ಟುಕೊಳ್ಳುವುದಕ್ಕೆ ಖರ್ಚೇನು, ಮೂಲೆಯಲ್ಲಿ ಬಿದ್ದಿರುತ್ತದಲ್ಲ ಎನ್ನುವವರಿದ್ದಾರೆ. ಹಳ್ಳಿಯ ತೊಟ್ಟಿಮನೆಯಲ್ಲಿ ಆ ಮಾತು ನಡೆಯುತ್ತದೆ. ಪೇಟೆಯ ಫ್ಲ್ಯಾಟಿನ ಬೆಲೆ ಚದರ ಅಡಿಗೆ 8,000 ರೂಪಾಯಿ ಎಂದಿಟ್ಟುಕೊಂಡರೆ, ಎರಡು ಚದರ ಅಡಿ ತಿನ್ನುವ ಒವನ್ 16,000 ರೂಪಾಯಿಯ ನೆಲದ ಮೇಲೆ ಕೂತಿದೆ. ಬಹಳ ಸಲ ಒವನ್ನಿಗೂ ಅಷ್ಟು ಬೆಲೆಯಿರುವುದಿಲ್ಲ. ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಹಿತ್ತಾಳೆಯೂ ಮರವೂ ಸುಮ್ಮನಿದ್ದರೆ ಕೆಡುವುದು ಕಡಿಮೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಒರಳು ಮತ್ತೆ ತಯಾರು. ಮೋಟರಿನ ಯಂತ್ರ ಹಾಗಲ್ಲ, ಅದು ಸುಮ್ಮನಿದ್ದೇ ಹಾಳಾಗುತ್ತದೆ. ಮಿಕ್ಸಿ ಜಾರಿನ ಬುಶ್ ಹಿಡಿದುಕೊಳ್ಳುತ್ತದೆ, ಗ್ರೈಂಡರಿನ ಬೆಲ್ಟ್ ಬಿರಿಯುತ್ತದೆ, ಗ್ಯಾಸ್ಕೆಟ್ ಗಟ್ಟಿಯಾಗುತ್ತದೆ, ಒಳಗಿನ ಸರ್ಕ್ಯೂಟಿನ ಮೇಲೆ ಜಿರಳೆ ಸಂಸಾರ ಹೂಡುತ್ತದೆ. ಮುಂದೆಂದಾದರೂ ಬೇಕಾದೀತು ಎಂದು ಎತ್ತಿಟ್ಟದ್ದು ಆ ಮುಂದೆ ಬಂದಾಗ ತಿರುಗುವುದಿಲ್ಲ. ಅಂದಮೇಲೆ ಕರೆಂಟಿನ ಯಂತ್ರಕ್ಕೂ ಕೈಯ ಸಾಧನಕ್ಕೂ ಒಂದೇ ನ್ಯಾಯ ಸಲ್ಲದು.

ಎಲ್ಲಕ್ಕಿಂತ ಕಷ್ಟದ ಪ್ರಕರಣ ವೆಟ್ ಗ್ರೈಂಡರಿನದು. ಅದು ರೋಟಿ ಮೇಕರಿನಂತೆ ಸುಳ್ಳು ಹೇಳಿ ಬಂದದ್ದಲ್ಲ. ಕೊಯಮತ್ತೂರಿನ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಅದರ ಕೆಲಸವೂ ಆ ಗೌರವಕ್ಕೆ ತಕ್ಕದ್ದೇ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಉದ್ದಿನಬೇಳೆಯನ್ನು ಕತ್ತರಿಸುತ್ತದೆ, ಹಿಟ್ಟು ಬಿಸಿಯಾಗುತ್ತದೆ, ಐಸ್ ನೀರು ಹಾಕಬೇಕಾಗುತ್ತದೆ. ಕಲ್ಲು ನಿಧಾನಕ್ಕೆ ಉರುಳುತ್ತ ಅರೆಯುತ್ತದೆ. ಗಾಳಿ ಸೇರಿ ಉದ್ದು ಬೆಣ್ಣೆಯಂತೆ ಉಬ್ಬಿ ಬರುತ್ತದೆ, ಚಿಟಿಕೆಯಷ್ಟು ತೆಗೆದು ನೀರಿಗೆ ಹಾಕಿದರೆ ತೇಲುತ್ತದೆ. ಆ ಇಡ್ಲಿಯ ಮುಂದೆ ಮಿಕ್ಸಿಯ ಇಡ್ಲಿಯನ್ನು ಯಾರೂ ಹೊಗಳುವುದಿಲ್ಲ. ಹೀಗಿದ್ದೂ ಅದು ಎಷ್ಟೋ ಮನೆಗಳಲ್ಲಿ ಸಿಂಕಿನ ಕೆಳಗೆ ಸೇರಿದೆ.

ಸೋಮಾರಿತನ ಎಂದು ಹಿರಿಯರು ಗೊಣಗುತ್ತಾರೆ. ಅರೆದಾದ ಮೇಲೆ ಅಲ್ಲಿ ಒಂದರ್ಧ ಗಂಟೆ ನಿಂತು ನೋಡಿದರೆ ಗೊಣಗಾಟ ನಿಲ್ಲಬಹುದು. ಕಲ್ಲುಗಳನ್ನು ಎತ್ತಿ ಅಂಟಿದ ಹಿಟ್ಟನ್ನು ಬೆರಳಿನಿಂದ ಬಳಿಯಬೇಕು, ಕಲ್ಲಿನ ನಡುವಿನ ಸಂದನ್ನು ತಿಕ್ಕಬೇಕು, ಡ್ರಮ್ಮಿಗೆ ನೀರು ಸುರಿದು ತಿರುಗಿಸಿ ಚೆಲ್ಲಬೇಕು, ಮತ್ತೆ ಸುರಿಯಬೇಕು, ಒರೆಸಿ ಒಣಗಿಸಬೇಕು. ಅರೆದದ್ದು ಯಂತ್ರ, ಉಳಿದದ್ದೆಲ್ಲ ಕೈ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಇಂಥದನ್ನೇ ತಮ್ಮ ದೇಶದ ಬಗ್ಗೆ ವಾದಿಸಿದರು: ಮನೆಗೆ ಬಂದ ಯಂತ್ರಗಳು ಗಂಡಸರ, ಮಕ್ಕಳ ಪಾಲಿನ ಕೆಲಸವನ್ನು ಕಳೆದವು, ಹೆಂಗಸಿನ ದುಡಿಮೆಯನ್ನು ಕಡಿಮೆ ಮಾಡಲಿಲ್ಲ. ನಮ್ಮಲ್ಲಿಯೂ ಒರಳುಕಲ್ಲಿನ ಮುಂದೆ ಒಬ್ಬರು ತಿರುವಿದರೆ ಇನ್ನೊಬ್ಬರು ಹಿಟ್ಟು ತಳ್ಳುತ್ತಿದ್ದರು. ಗ್ರೈಂಡರ್ ಬಂತು, ಆ ಇನ್ನೊಬ್ಬರು ಎದ್ದು ಹೋದರು. ಯಾವ ಯಂತ್ರ ಇರಬೇಕು ಎಂಬ ಮಾತಿನಲ್ಲಿ ತಿನ್ನುವವರ ನಾಲಗೆಗಿಂತ ತೊಳೆಯುವವರ ಕೈಗೆ ಹೆಚ್ಚು ತೂಕ ಸಿಗಬೇಕೆಂದು ನಾನು ಹೇಳುವುದು ಇದಕ್ಕೇ. ಐದಾರು ಜನರಿರುವ, ವಾರಕ್ಕೆರಡು ಸಲ ದೋಸೆ ಹುಯ್ಯುವ, ತೊಳೆಯಲು ಇನ್ನೊಂದು ಜೊತೆ ಕೈಯಿರುವ ಮನೆಯಲ್ಲಿ ಗ್ರೈಂಡರ್ ರಾಜನಂತಿರಲಿ. ಇಬ್ಬರೇ ಇರುವ ಮನೆಯಲ್ಲಿ ಪಾಕೀಟಿನ ಹಿಟ್ಟು ತಂದರೆ ಸಂಸ್ಕೃತಿಯೇನೂ ಮುಳುಗುವುದಿಲ್ಲ.

ಆಯುಧಪೂಜೆಯ ದಿನ ನಮ್ಮ ಅಡುಗೆಮನೆಗಳ ನಿಜಸ್ಥಿತಿ ತಾನಾಗಿ ಬಯಲಾಗುತ್ತದೆ. ಮಿಕ್ಸಿ, ಒಲೆ, ಫ್ರಿಜ್ಜಿನ ಜೊತೆಗೆ ಅಟ್ಟದಿಂದ ಇಳಿದ ಫುಡ್ ಪ್ರೊಸೆಸರಿಗೂ ಕುಂಕುಮ, ಸೇವಂತಿಗೆ ಹೂವು. ಪೂಜೆ ಮುಗಿದ ಮಾರನೇ ದಿನ ಹೂವು ತೆಗೆದು ಮತ್ತೆ ಮೇಲಕ್ಕೆ. ದುಡಿಯುವ ಆಯುಧಕ್ಕೆ ಸಲ್ಲಬೇಕಾದ ಪೂಜೆ ಅದು. ದುಡಿಯದೇ ಇದ್ದದ್ದಕ್ಕೂ ಸಲ್ಲುತ್ತಿರುವುದು ನಮ್ಮ ಔದಾರ್ಯ.

ಇಟ್ಟುಕೊಳ್ಳುವುದು, ಎಸೆಯುವುದು ಎಂಬ ಎರಡೇ ದಾರಿಗಳಿವೆ ಎಂದು ಭಾವಿಸಿದ್ದೇ ಈಚಿನ ಅಭ್ಯಾಸ. ಮಲೆನಾಡಿನಲ್ಲಿ ಒತ್ತು ಶ್ಯಾವಿಗೆಯ ಒರಳು ಎಲ್ಲರ ಮನೆಯಲ್ಲೂ ಇರಲೇಬೇಕೆಂದೇನೂ ಇರಲಿಲ್ಲ. ಇದ್ದವರ ಮನೆಯಿಂದ ಹುಡುಗನೊಬ್ಬ ಹೊತ್ತು ತರುತ್ತಿದ್ದ, ಮರಳಿಸುವಾಗ ಒಂದು ಡಬ್ಬಿ ಶ್ಯಾವಿಗೆಯೂ ಜೊತೆಗೆ ಹೋಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಬೇಸಿಗೆಯ ಶ್ಯಾವಿಗೆಗೆ ಓಣಿಯವರೆಲ್ಲ ಕೂಡುತ್ತಿದ್ದರು, ಒಂದೇ ಯಂತ್ರದ ಹಿಡಿಕೆಯನ್ನು ಸರದಿಯಲ್ಲಿ ತಿರುವುತ್ತಿದ್ದರು. ಮದುವೆಯ ಕೊಪ್ಪರಿಗೆಗಳನ್ನು ಯಾರೂ ಸ್ವಂತಕ್ಕೆ ಕೊಳ್ಳುತ್ತಿರಲಿಲ್ಲ, ದೇವಸ್ಥಾನದಿಂದ ತರುತ್ತಿದ್ದರು. ಕೆನಡಾದ ಟೊರಾಂಟೊದಲ್ಲಿ 2013ರಲ್ಲಿ ಅಡುಗೆ ಸಲಕರಣೆಗಳನ್ನು ಎರವಲು ಕೊಡುವ ಗ್ರಂಥಾಲಯ ಶುರುವಾದಾಗ ಅದು ಸುದ್ದಿಯಾಯಿತು. ನಮಗೆ ಅದು ಹಳೇ ವಿಷಯ. ನೂರು ಫ್ಲ್ಯಾಟುಗಳ ಅಪಾರ್ಟ್‌ಮೆಂಟಿನಲ್ಲಿ ಕ್ಲಬ್ ಹೌಸಿನ ಒಂದು ಕಪಾಟಿನಲ್ಲಿ ಒಂದು ದೊಡ್ಡ ಗ್ರೈಂಡರ್, ಒಂದು ಒವನ್ ಇಟ್ಟರೆ ನೂರು ಅಟ್ಟಗಳು ಹಗುರಾಗುತ್ತವೆ. ಚಕ್ಕುಲಿ ಒರಳು ಹಾಗಲ್ಲ, ದೀಪಾವಳಿಯ ಹಿಂದಿನ ದಿನ ಅದು ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು ಅರ್ಹವಾದದ್ದು ಯಾವುದೆಂದರೆ ಎಲ್ಲರಿಗೂ ಒಂದೇ ದಿನ ಬೇಕಾಗುವ ಇಂಥದ್ದೇ. ಯಾವತ್ತಾದರೂ ನಡೆಯುವ ಕೇಕಿನ ಒವನ್ನನ್ನು ಹಂಚಿಕೊಳ್ಳಬಹುದು.

ಇನ್ನು ಹೊರಗೆ ಹಾಕುವ ಮಾತು. ಮನೆಗೆಲಸದವರಿಗೆ ಕೊಟ್ಟುಬಿಟ್ಟೆವು ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮೂರು ಕೋಣೆಯ ಮನೆಗೆ ಭಾರವಾದ, ಕೆಟ್ಟು ನಿಂತ ಯಂತ್ರ ಅವರ ಒಂದು ಕೋಣೆಗೆ ಹಗುರಾಗುತ್ತದೆಯೇ? ಬೇಡವೆನ್ನಲು ಅವರಿಗೆ ಬಾಯಿ ಬರುವುದಿಲ್ಲ, ಅಷ್ಟೇ. ಪೂರ್ತಿ ಕೆಟ್ಟದ್ದನ್ನು ಕಸದ ಗಾಡಿಗೂ ಎಸೆಯಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೇ ಯಂತ್ರಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ, ಅಂಥ ಯಂತ್ರಗಳನ್ನು ಸಂಗ್ರಹಿಸುವ ಅಧಿಕೃತ ಕೇಂದ್ರಗಳಿಗೆ ಮುಟ್ಟಿಸಿ. ಚೆನ್ನಾಗಿರುವುದನ್ನು ಬೇಕೆಂದು ಕೇಳಿದವರಿಗೆ ಮಾತ್ರ ಕೊಡಿ. ಕೊಡುವ ಮುಂಚೆ ಪ್ಲಗ್ ಹಾಕಿ ಓಡಿಸಿ ನೋಡಿ, ಬುಶ್ಶೋ ಬೆಲ್ಟೋ ಹೋಗಿದ್ದರೆ ನಿಮ್ಮ ಖರ್ಚಿನಲ್ಲೇ ಹಾಕಿಸಿ, ಜಾರು ಮುಚ್ಚಳಗಳನ್ನೆಲ್ಲ ಹುಡುಕಿ ಜೊತೆಗಿಡಿ.